ಕತ್ತಲೆಗೆ ತಾಳ ಕಟ್ಟಿದವರು: ಸೂಸಿ ಅಂಡ್ ದ ಬ್ಯಾನ್‌ಶೀಸ್

(ಸಂಗೀತಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಅಂದು ನಡುನಡುವೆ ಹಾಡುಗಳನ್ನು ಕೇಳಿಸಿದ್ದೆ. ಓದುವವರೂ ಹಾಡಿನ ಹೆಸರು ಬಂದಲ್ಲಿ ಒಂದಿಷ್ಟು ನಿಂತು, ಹುಡುಕಿ ಕೇಳಿ, ಮುಂದಕ್ಕೆ ಹೋಗಬೇಕೆಂದು ಕೋರಿಕೆ.)

ಎಲ್ಲರಿಗೂ ನಮಸ್ಕಾರ.

1976ರ ಸೆಪ್ಟೆಂಬರ್ 20ರ ಸಂಜೆಯಿಂದ ಶುರು ಮಾಡುತ್ತೇನೆ. ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಒಂದು ನೆಲಮಾಳಿಗೆ, ಹೆಸರು 100 ಕ್ಲಬ್. ಅಲ್ಲಿ ಎರಡು ದಿನಗಳ ಪಂಕ್ ಉತ್ಸವ. ಪಂಕ್ ಎಂದರೆ ಒರಟು, ಬಂಡಾಯದ ರಾಕ್ ಸಂಗೀತ. ಸೆಕ್ಸ್ ಪಿಸ್ಟಲ್ಸ್ ತಂಡದ ಮ್ಯಾನೇಜರ್ ಮಾಲ್ಕಮ್ ಮೆಕ್‌ಲಾರೆನ್ ಅದರ ಸೂತ್ರಧಾರ. ಕಾರ್ಯಕ್ರಮದಲ್ಲಿ ಒಂದು ಜಾಗ ಖಾಲಿ ಉಳಿದಿತ್ತು. ಪಿಸ್ಟಲ್ಸ್ ಹೋದಲ್ಲೆಲ್ಲ ಹೋಗುತ್ತಿದ್ದ ಹತ್ತೊಂಬತ್ತರ ಹುಡುಗಿಯೊಬ್ಬಳು ಆ ಜಾಗ ತನಗೆ ಬೇಕೆಂದು ಕೇಳಿಬಿಟ್ಟಳು. ಆಕೆಗೆ ಆಗ ಬ್ಯಾಂಡೇ ಇರಲಿಲ್ಲ. ಗೆಳೆಯ ಸ್ಟೀವನ್ ಬೇಸ್ ಗಿಟಾರ್ ಹೊತ್ತುಕೊಂಡ. ಗಿಟಾರಿಗೆ ಮಾರ್ಕೊ ಪಿರೋನಿ ಸಿಕ್ಕ. ಡ್ರಮ್ಸ್ ಮುಂದೆ ಕೂತವನು ಸಿಡ್ ವಿಷಿಯಸ್. ಮುಂದೆ ಅವನೇ ಪಿಸ್ಟಲ್ಸ್ ಸೇರಿ ದುರಂತ ಕಥೆಯಾದ. ಇವರಿಗೆ ಒಂದು ಹಾಡೂ ಪೂರ್ತಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಕ್ರೈಸ್ತರು ದಿನವೂ ಹೇಳುವ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯನ್ನು ಹಿಡಿದು, ಅದಕ್ಕೆ ಸಿಕ್ಕಸಿಕ್ಕ ಹಳೆಯ ಹಾಡುಗಳ ತುಣುಕು ಸೇರಿಸಿ, ಸುಮಾರು ಇಪ್ಪತ್ತು ನಿಮಿಷ ಗದ್ದಲ ಎಬ್ಬಿಸಿದರು. ಸಿಡ್ ಒಂದೇ ಸಮನೆ ಬಡಿಯುತ್ತಿದ್ದ. ಹುಡುಗಿ ಕೂಗಿದಳು, ಪಠಿಸಿದಳು, ಕಿರುಚಿದಳು.

ಆ ಹುಡುಗಿಯ ಹೆಸರು ಸೂಸನ್ ಬಾಲಿಯನ್. ಲೋಕಕ್ಕೆ ಗೊತ್ತಿರುವುದು ಸೂಸಿ ಸೂ ಎಂದು. ಸ್ಟೀವನ್ ಬೇಲಿ ಮುಂದೆ ಸ್ಟೀವನ್ ಸೆವರಿನ್ ಆದ. ಒಂದೇ ರಾತ್ರಿಗೆಂದು ಕಟ್ಟಿದ ತಂಡ ಸೂಸಿ ಅಂಡ್ ದ ಬ್ಯಾನ್‌ಶೀಸ್ ಎಂಬ ಹೆಸರಿನಲ್ಲಿ ಇಪ್ಪತ್ತು ವರ್ಷ ಬಾಳಿತು, ಹನ್ನೊಂದು ಸ್ಟುಡಿಯೋ ಆಲ್ಬಂ ಕೊಟ್ಟಿತು. ವಿನ್ಸೆಂಟ್ ಪ್ರೈಸ್ ನಟಿಸಿದ ಒಂದು ಭಯಾನಕ ಚಿತ್ರದಿಂದ ಅವರಿಗೆ ಬ್ಯಾನ್‌ಶೀ ಎಂಬ ಹೆಸರು ಸಿಕ್ಕಿತು. ಐರಿಷ್ ಜನಪದದಲ್ಲಿ, ಮನೆಯಲ್ಲಿ ಸಾವು ಸಮೀಪಿಸಿದಾಗ ಹೊರಗೆ ಗೋಳಿಡುವ ಹೆಣ್ಣು ದೆವ್ವ ಅದು.

ಇಂದು ಗೋಥ್ ಎಂದರೆ ಕಪ್ಪು ಬಟ್ಟೆ, ಕೆದರಿದ ಕೂದಲು, ಬಿಳಿಚಿದ ಮುಖ, ಶಿಲುಬೆ, ಸ್ಮಶಾನ ಅಂತ ಎಲ್ಲರಿಗೂ ಗೊತ್ತು. ಆ ವೇಷದ ಮೂಲ ಹುಡುಕುತ್ತ ಹೋದರೆ ಸೂಸಿಯ ಕಣ್ಣ ಕಾಡಿಗೆಗೆ ಬಂದು ಮುಟ್ಟುತ್ತೇವೆ. ಆದರೆ ಆಕೆ ತನ್ನನ್ನು ಗೋಥ್ ಎಂದು ಕರೆಯುವುದನ್ನು ಒಪ್ಪಿದವರಲ್ಲ. ಅದು ಮುನಿಸಿನ ಮಾತೆಂದು ನನಗನ್ನಿಸುವುದಿಲ್ಲ. ಬ್ಯಾನ್‌ಶೀಸ್ ಸಂಗೀತದ ಕತ್ತಲೆ ಹುಟ್ಟಿದ್ದು ವಾದ್ಯಗಳನ್ನು ಬೇರೆ ರೀತಿ ನುಡಿಸಬೇಕೆಂಬ ಹಟದಿಂದ. ಉಳಿದವರು ವೇಷವನ್ನು ತೆಗೆದುಕೊಂಡರು, ಹಟವನ್ನು ಅಲ್ಲೇ ಬಿಟ್ಟರು. ಇವತ್ತು ನಾನು ಹೇಳಬೇಕೆಂದಿರುವುದು ಆ ಹಟದ ಕಥೆ.

ಮೊದಲು ಊರಿನ ಮಾತು. ಸೂಸಿ ಬೆಳೆದದ್ದು ಲಂಡನ್ನಿನ ಆಗ್ನೇಯ ಅಂಚಿನ ಚಿಸಲ್‌ಹರ್ಸ್ಟ್‌ನಲ್ಲಿ. ಒಂದೇ ಅಚ್ಚಿನ ಮನೆಗಳು, ಕತ್ತರಿಸಿದ ಬೇಲಿಗಿಡ, ಪರದೆಯ ಹಿಂದೆ ನಿಂತು ನೋಡುವ ನೆರೆಹೊರೆ. ತಂದೆ ಬ್ಯಾಕ್ಟೀರಿಯಾ ತಜ್ಞ. ಹಿಂದೆ ಬೆಲ್ಜಿಯನ್ ಕಾಂಗೋದಲ್ಲಿ ಹಾವುಗಳಿಂದ ವಿಷ ತೆಗೆಯುವ ಕೆಲಸ ಮಾಡಿದ್ದವರು. ಸೂಸಿಗೆ ಬುದ್ಧಿ ಬರುವ ಹೊತ್ತಿಗೆ ಕುಡಿತಕ್ಕೆ ಬಿದ್ದಿದ್ದರು. ಆಕೆಗೆ ಹದಿನಾಲ್ಕಾದಾಗ ತೀರಿಕೊಂಡರು. ಒಂಬತ್ತರ ವಯಸ್ಸಿನಲ್ಲಿ ಅಪರಿಚಿತನೊಬ್ಬ ತನ್ನ ಮೇಲೆ ಎಸಗಿದ ದೌರ್ಜನ್ಯವನ್ನೂ, ದೊಡ್ಡವರು ಅದನ್ನು ಮುಚ್ಚಿಟ್ಟು ಸುಮ್ಮನಾದದ್ದನ್ನೂ ಆಕೆಯೇ ಮುಂದೆ ಬಹಿರಂಗವಾಗಿ ಹೇಳಿದ್ದಾರೆ. ತಂದೆ ಹೋದ ಮೇಲೆ ಕರುಳಿನ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. 1972ರಲ್ಲಿ ಅಲ್ಲಿನ ಟಿವಿಯಲ್ಲಿ ಇಂಗ್ಲಿಷ್ ಗಾಯಕ ಡೇವಿಡ್ ಬೋವಿಯನ್ನು ಕಂಡರು. ಆ ತಲೆಮಾರಿನ ಎಷ್ಟೋ ಇಂಗ್ಲಿಷ್ ಸಂಗೀತಗಾರರಿಗೆ ಬಾಗಿಲು ತೆರೆದದ್ದು ಅದೇ ಪ್ರಸಾರ. 1975ರಲ್ಲಿ ರಾಕ್ಸಿ ಮ್ಯೂಸಿಕ್ ತಂಡದ ಕಛೇರಿಯೊಂದರಲ್ಲಿ ಸೆವರಿನ್ ಪರಿಚಯ. ಸುತ್ತಮುತ್ತಲ ಇಂಥದೇ ಹುಡುಗ ಹುಡುಗಿಯರ ಗುಂಪಿಗೆ ಪತ್ರಿಕೆಗಳು 'ಬ್ರಾಮ್ಲಿ ಕಂಟಿಂಜೆಂಟ್' ಎಂದು ಹೆಸರಿಟ್ಟವು.

ಈ ಮನೆಯ ವಿವರಗಳನ್ನೆಲ್ಲ ಹೇಳಲು ಕಾರಣವಿದೆ. ಗೋಥಿಕ್ ಎಂದ ಕೂಡಲೇ ಪಾಳುಬಿದ್ದ ಕೋಟೆ, ರಕ್ತ ಹೀರುವ ಪ್ರಭು ನೆನಪಾಗುತ್ತಾರೆ. ಬ್ಯಾನ್‌ಶೀಸ್ ಹಾಡುಗಳಲ್ಲಿ ಕೋಟೆ ಅಪರೂಪ. ಮೊದಲ ಆಲ್ಬಂನ 'ಸಬರ್ಬನ್ ರಿಲ್ಯಾಪ್ಸ್' ತೆಗೆದುಕೊಳ್ಳಿ. ಗೃಹಿಣಿಯೊಬ್ಬಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ನಿಂತಿರುವಾಗ ಅವಳೊಳಗೆ ಏನೋ ಪಟ್ಟನೆ ಕಡಿದುಹೋಗುತ್ತದೆ. 'ಹ್ಯಾಪಿ ಹೌಸ್' ಮೇಲ್ನೋಟಕ್ಕೆ ಸುಖೀ ಸಂಸಾರದ ಹಾಡು. ಎರಡನೆಯ ಸಲ ಕೇಳಿದರೆ ಆ ಮನೆಯಿಂದ ಹೊರಗೆ ಓಡಬೇಕೆನಿಸುತ್ತದೆ. ಇವರ ದೆವ್ವ ಸಿಂಕಿನ ಪಕ್ಕದಲ್ಲೇ ನಿಂತಿರುತ್ತದೆ.

ಇನ್ನು ಈ ಚರಿತ್ರೆಯ ಕಹಿ ಪುಟ. 100 ಕ್ಲಬ್ಬಿನ ರಾತ್ರಿ ಸೂಸಿ ತೋಳಿಗೆ ಸ್ವಸ್ತಿಕದ ಪಟ್ಟಿ ಕಟ್ಟಿಕೊಂಡಿದ್ದರು. ನಮ್ಮ ರಂಗೋಲಿಯ ಸ್ವಸ್ತಿಕ ಅಲ್ಲ, ಹಿಟ್ಲರನ ನಾಜಿ ಪಕ್ಷದ ಚಿಹ್ನೆ. ಅದನ್ನು ಕಂಡು ಕ್ಲ್ಯಾಶ್ ತಂಡದ ಮ್ಯಾನೇಜರ್ ತಮ್ಮ ವಾದ್ಯ ಸಲಕರಣೆ ಕೊಡಲು ಒಪ್ಪಲಿಲ್ಲ. ಯುದ್ಧದ ಹೆಮ್ಮೆಯಲ್ಲೇ ಬದುಕುತ್ತಿದ್ದ ಹಿರಿಯ ತಲೆಮಾರನ್ನು ಕೆಣಕಲು ಹಾಗೆ ಮಾಡಿದೆ ಎಂಬುದು ಸೂಸಿಯ ವಿವರಣೆ. ಆರಂಭದ ದಿನಗಳ ಒಂದು ಹಾಡಿನಲ್ಲಿ ಯಹೂದಿಗಳ ಬಗ್ಗೆ ಕೆಟ್ಟ ಸಾಲೊಂದೂ ಇತ್ತು. ಆಮೇಲೆ ಅದನ್ನು ಬದಲಿಸಿದರು. ನನ್ನ ಅಭಿಪ್ರಾಯದಲ್ಲಿ ಆ ವಿವರಣೆ ಸಾಲದು. ಅರವತ್ತು ಲಕ್ಷ ಯಹೂದಿಗಳ ಕೊಲೆಯ ಗುರುತನ್ನು ಕೆಣಕುವ ಒಡವೆಯಾಗಿ ತೊಡುವುದು ಹತ್ತೊಂಬತ್ತರ ವಯಸ್ಸಿನಲ್ಲೂ ತಪ್ಪೇ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ ಎನ್ನುವುದನ್ನೂ ಹೇಳಬೇಕು. 'ಮೆಟಲ್ ಪೋಸ್ಟ್‌ಕಾರ್ಡ್' ಹಾಡನ್ನು ಅವರು ಜಾನ್ ಹಾರ್ಟ್‌ಫೀಲ್ಡ್‌ಗೆ ಅರ್ಪಿಸಿದರು. ಹಾರ್ಟ್‌ಫೀಲ್ಡ್ ಎಂದರೆ ಫೋಟೋಗಳನ್ನು ಕತ್ತರಿಸಿ ಜೋಡಿಸಿ ಹಿಟ್ಲರನನ್ನು ಬಯಲಿಗೆಳೆದ ಜರ್ಮನ್ ಕಲಾವಿದ. ಬೆಣ್ಣೆ ತಿಂದರೆ ಕೊಬ್ಬುತ್ತೀರಿ, ಕಬ್ಬಿಣವೇ ದೇಶಕ್ಕೆ ಬಲ ಎಂದು ಹಿಟ್ಲರನ ಮಂತ್ರಿ ಗೋರಿಂಗ್ ಭಾಷಣ ಬಿಗಿದಾಗ, ಊಟದ ಮೇಜಿನ ಸುತ್ತ ಕೂತು ಕಬ್ಬಿಣದ ತುಂಡುಗಳನ್ನೇ ಕಚ್ಚುತ್ತಿರುವ ಕುಟುಂಬದ ಚಿತ್ರವನ್ನು ಆತ 1935ರಲ್ಲಿ ಮಾಡಿದ್ದ. ಆ ಹಾಡಿನ ಜರ್ಮನ್ ರೂಪ 1979ರಲ್ಲಿ ಹೊರಬಂದಾಗ ಹೊದಿಕೆಯ ಮೇಲೆ ಅದೇ ಚಿತ್ರವಿತ್ತು. ಮಾಡಿದ್ದನ್ನು ಇದು ಅಳಿಸುವುದಿಲ್ಲ. ಆದರೂ ಎರಡೂ ಒಂದೇ ಚರಿತ್ರೆಯಲ್ಲಿ ಇರಬೇಕು.

1976ರ ಡಿಸೆಂಬರಿನಲ್ಲಿ ಬಿಲ್ ಗ್ರಂಡಿ ಎಂಬ ಟಿವಿ ನಿರೂಪಕ ನೇರ ಪ್ರಸಾರದಲ್ಲಿ ಪಿಸ್ಟಲ್ಸ್ ಜೊತೆ ನಿಂತಿದ್ದ ಸೂಸಿಯನ್ನು ಚುಡಾಯಿಸಿದ್ದು, ಅದಕ್ಕೆ ಪಿಸ್ಟಲ್ಸ್ ಹುಡುಗರು ಬಾಯಿಗೆ ಬಂದಂತೆ ಬೈದದ್ದು, ಮರುದಿನ ಪತ್ರಿಕೆಗಳು ಹೊತ್ತಿ ಉರಿದದ್ದು ಪಂಕ್ ಇತಿಹಾಸದಲ್ಲಿ ಬೇಕಾದಷ್ಟು ಸಲ ಬಂದಿದೆ. ಅದನ್ನು ಬಿಟ್ಟು ಸಂಗೀತಕ್ಕೆ ಬರೋಣ.

1977ರಲ್ಲಿ ಕೆನ್ನಿ ಮಾರಿಸ್ ಡ್ರಮ್ಸಿಗೆ, ಜಾನ್ ಮೆಕೆ ಗಿಟಾರಿಗೆ ಬಂದರು. ನಾಲ್ವರ ತಂಡ ಗಟ್ಟಿಯಾಯಿತು. ಬಿಬಿಸಿ ರೇಡಿಯೋದ ಜಾನ್ ಪೀಲ್ ಕಾರ್ಯಕ್ರಮಕ್ಕೆ ಧ್ವನಿಮುದ್ರಣವಾಯಿತು, ಕಛೇರಿಗಳು ತುಂಬಿದವು. ಆದರೂ ಯಾವ ಕಂಪನಿಯೂ ಇವರನ್ನು ಸೇರಿಸಿಕೊಳ್ಳಲಿಲ್ಲ. ಅಭಿಮಾನಿಯೊಬ್ಬ ಲಂಡನ್ನಿನ ರೆಕಾರ್ಡ್ ಕಂಪನಿಗಳ ಗೋಡೆಗಳ ಮೇಲೆ 'ಬ್ಯಾನ್‌ಶೀಸ್ ಜೊತೆ ಒಪ್ಪಂದ ಮಾಡಿಕೊಳ್ಳಿ' ಎಂದು ಬಣ್ಣದಲ್ಲಿ ಬರೆದುಬಿಟ್ಟ. ಕೊನೆಗೆ 1978ರ ಜೂನ್‌ನಲ್ಲಿ ಪಾಲಿಡಾರ್ ಒಪ್ಪಿತು. ಆಗಸ್ಟಿನಲ್ಲಿ ಬಂದ ಮೊದಲ ಸಿಂಗಲ್ (ಬಿಡಿಹಾಡಿನ ರೆಕಾರ್ಡ್) 'ಹಾಂಗ್ ಕಾಂಗ್ ಗಾರ್ಡನ್' ಬ್ರಿಟಿಷ್ ಮಾರಾಟ ಪಟ್ಟಿಯಲ್ಲಿ 7ನೇ ಸ್ಥಾನಕ್ಕೇರಿತು. ಚಿಸಲ್‌ಹರ್ಸ್ಟ್‌ನ ಪೇಟೆ ಬೀದಿಯಲ್ಲಿದ್ದ ಚೀನೀ ಹೋಟೆಲೊಂದರ ಹೆಸರದು. ಅಲ್ಲಿ ಕೆಲಸ ಮಾಡುವವರಿಗೆ ತಲೆ ಬೋಳಿಸಿಕೊಂಡ ಪುಂಡರು ಕೊಡುತ್ತಿದ್ದ ಕಾಟವನ್ನು ನೋಡಲಾಗದೆ, ಅವರ ಪರವಾಗಿ ಬರೆದದ್ದು ಎಂದು ಸೂಸಿ ಹೇಳಿದ್ದಾರೆ. ಹಾಡಿನ ಸಾಲುಗಳಲ್ಲಿ ಚೀನೀಯರ ಬಗ್ಗೆ ಸವಕಲು ಚಿತ್ರಗಳೂ ಇವೆ, ಇವತ್ತು ಕಿವಿಗೆ ಚುಚ್ಚುತ್ತವೆ.

ಈ ಹಾಡಿನ ಡ್ರಮ್ಸನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಂಪನಿ ಗೊತ್ತುಮಾಡಿದ್ದ ಮೊದಲ ನಿರ್ಮಾಪಕನ ಕೆಲಸ ತಂಡಕ್ಕೆ ಹಿಡಿಸಲಿಲ್ಲ. ಆಗ ಬಂದವನು ಸ್ಟೀವ್ ಲಿಲ್ಲಿವೈಟ್, ಮುಂದೆ ಯು2 ತಂಡದ ಮೂಲಕ ಜಗತ್ತಿಗೆ ಗೊತ್ತಾದವನು. ಸಾಮಾನ್ಯವಾಗಿ ಡ್ರಮ್ಮರ್ ಇಡೀ ಸೆಟ್ಟನ್ನು ಒಟ್ಟಿಗೆ ನುಡಿಸುತ್ತಾನೆ. ಲಿಲ್ಲಿವೈಟ್ ಹಾಗೆ ಬಿಡಲಿಲ್ಲ. ಮೊದಲು ಬೇಸ್ ಡ್ರಮ್ ಮತ್ತು ಸ್ನೇರ್ (ಚುರುಕು ಸದ್ದಿನ ಚಿಕ್ಕ ಡ್ರಮ್) ಮಾತ್ರ ನುಡಿಸು ಎಂದ. ಲೋಹದ ತಟ್ಟೆಗಳಾದ ಸಿಂಬಲ್ಲು, ಗುಡುಗುವ ಡ್ರಮ್‌ಗಳಾದ ಟಾಮ್‌ಟಾಮ್‌ಗಳನ್ನು ಆಮೇಲೆ ಬೇರೆಯಾಗಿ ನುಡಿಸಿ ಸೇರಿಸಿದರು. ಇದರಿಂದ ಒಂದು ಪೆಟ್ಟಿನ ಸದ್ದು ಇನ್ನೊಂದರ ಮೈಕಿಗೆ ಸೋರಲಿಲ್ಲ. ಪ್ರತಿ ಪೆಟ್ಟಿಗೂ ಬೇಕಾದ ಮಾರ್ದನಿಯನ್ನು ಬೇರೆಬೇರೆಯಾಗಿ ಕೊಡಬಹುದಾಯಿತು, ಪೆಟ್ಟುಗಳ ನಡುವೆ ದೊಡ್ಡ ಖಾಲಿ ಜಾಗ ಹುಟ್ಟಿತು. ರಾಕ್ ಸಂಗೀತದಲ್ಲಿ ಸಿಂಬಲ್ಲಿನ 'ಚಿಕ್ ಚಿಕ್' ಸದ್ದು ಯಾವಾಗಲೂ ಮೇಲುಗಡೆ ತುಂಬಿಕೊಂಡಿರುತ್ತದೆ. ಮಾರಿಸ್ ಅದನ್ನು ಆದಷ್ಟು ದೂರವಿಟ್ಟು ಟಾಮ್‌ಗಳ ಮೇಲೆ ಲಯ ಕಟ್ಟುತ್ತಿದ್ದ. ಮೇಲಿನ ಹೊಳಪು ಹೋದಾಗ ಕೆಳಗಿನ ಗುಡುಗು ಕೇಳಿಸತೊಡಗಿತು. ಯಕ್ಷಗಾನದಲ್ಲಿ ಚೆಂಡೆಯ ಪೆಟ್ಟು ಪಾತ್ರಕ್ಕಿಂತ ಮುಂಚೆ ರಂಗಕ್ಕೆ ಬರುವ ಹಾಗೆ, ಇಲ್ಲಿ ಡ್ರಮ್ಸ್ ಮೊದಲು ಜಾಗ ಹಿಡಿಯುತ್ತದೆ, ದನಿ ಆಮೇಲೆ ಅದರೊಳಗೆ ಕಾಲಿಡುತ್ತದೆ. ಜಾನ್ ಮೆಕೆ ಗಿಟಾರಿನಲ್ಲೂ ಬ್ಲೂಸ್‌ನಿಂದ ಬಂದ ಮಾಮೂಲು ಬಳುಕು ಇಲ್ಲ, ಸೋಲೊ ಇಲ್ಲ. ಲೋಹದ ತಗಡನ್ನು ಸೀಳಿದಂಥ ನಾದ. 1978ರ ನವೆಂಬರಿನ 'ದ ಸ್ಕ್ರೀಮ್' ಆಲ್ಬಂನಲ್ಲಿ ಇದೆಲ್ಲ ಒಟ್ಟಾಗಿ ಸಿಗುತ್ತದೆ. ಅದರ ಹೊದಿಕೆಯ ಮೇಲೆ ನೀರಿನಡಿ ಮುಳುಗಿರುವ ದೇಹಗಳು.

ಮುಂದಿನ ವರ್ಷದ 'ಜಾಯಿನ್ ಹ್ಯಾಂಡ್ಸ್' ಮೊದಲ ಮಹಾಯುದ್ಧದ ನೆರಳಿನ ಆಲ್ಬಂ. ನನ್ನ ಕಿವಿಗೆ ಅದು ಸ್ವಲ್ಪ ಭಾರ. ಆದರೆ ಅದರ ಬಿಡುಗಡೆಯ ಪ್ರವಾಸದಲ್ಲಿ ನಡೆದ ಘಟನೆ ಇಡೀ ಚರಿತ್ರೆಯ ತಿರುವು. 1979ರ ಸೆಪ್ಟೆಂಬರ್ 7, ಸ್ಕಾಟ್ಲೆಂಡಿನ ಅಬರ್ಡೀನ್. ಮಧ್ಯಾಹ್ನ ರೆಕಾರ್ಡ್ ಅಂಗಡಿಯೊಂದರಲ್ಲಿ ಅಭಿಮಾನಿಗಳಿಗೆ ಸಹಿ ಹಾಕುವಾಗ ಜಗಳ ಹತ್ತಿಕೊಂಡಿತು. ಮೆಕೆ ಮತ್ತು ಮಾರಿಸ್ ಎದ್ದು ಹೋದವರು ಮರಳಿ ಬರಲೇ ಇಲ್ಲ. ಸಂಜೆ ಸಭಾಂಗಣ ತುಂಬಿದೆ, ಅರ್ಧ ಬ್ಯಾಂಡ್ ಮಾಯವಾಗಿದೆ. ಅಂದು ಮೊದಲಿಗೆ ನುಡಿಸಬೇಕಿದ್ದ ಎಳೆಯ ತಂಡ ದ ಕ್ಯೂರ್ ತನ್ನ ಕಾರ್ಯಕ್ರಮವನ್ನು ಉದ್ದ ಮಾಡಿ ಸಮಯ ತುಂಬಿತು. ಆಮೇಲೆ ಸೂಸಿ ಮತ್ತು ಸೆವರಿನ್ ಇಬ್ಬರೂ ಕ್ಯೂರ್ ತಂಡದೊಡನೆ ನಿಂತು 100 ಕ್ಲಬ್ಬಿನ ಅದೇ ಪ್ರಾರ್ಥನೆಯನ್ನು ಹಾಡಿದರು. ಬೇರೆ ಯಾರಾದರೂ ಅಲ್ಲಿಗೆ ಅಂಗಡಿ ಮುಚ್ಚುತ್ತಿದ್ದರು. ಇವರು ಹನ್ನೊಂದು ದಿನಗಳಲ್ಲಿ ಪ್ರವಾಸ ಮುಂದುವರಿಸಿದರು. ಕ್ಯೂರ್‌ನ ರಾಬರ್ಟ್ ಸ್ಮಿತ್ ಪ್ರತಿ ರಾತ್ರಿ ಮೊದಲು ತನ್ನ ತಂಡದೊಡನೆ, ಆಮೇಲೆ ಬ್ಯಾನ್‌ಶೀಸ್ ಜೊತೆ ಗಿಟಾರ್ ನುಡಿಸಿದ. ಆ ಅನುಭವ ತನ್ನ ಸಂಗೀತವನ್ನೇ ತಿರುಗಿಸಿತು ಎಂದು ಆತ ಮುಂದೆ ಹೇಳಿಕೊಂಡಿದ್ದಾನೆ. ಡ್ರಮ್ಸಿಗೆ ಬಂದವನು ಬಡ್ಜಿ. ಹುಡುಗಿಯರ ಪಂಕ್ ತಂಡ ಸ್ಲಿಟ್ಸ್‌ನ ಮೊದಲ ಆಲ್ಬಂಗೆ ನುಡಿಸಿ ಬಂದಿದ್ದ. ಹದಿನೈದು ದಿನದ ಬದಲಿ ಆಟಗಾರನಾಗಿ ಉಳಿಯಲಿಲ್ಲ, ಕೊನೆಯವರೆಗೂ ಅವನೇ ಡ್ರಮ್ಮರ್.

ಈಗ ನಾನು ಅತಿ ಹೆಚ್ಚು ಪ್ರೀತಿಸುವ ಭಾಗಕ್ಕೆ ಬಂದೆ. ಮ್ಯಾಗಜೀನ್ ಎಂಬ ತಂಡದಲ್ಲಿದ್ದ ಸ್ಕಾಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಗೀಯೊಕ್ 1980ರಲ್ಲಿ ಬ್ಯಾನ್‌ಶೀಸ್ ಕಡೆ ಬಂದ. ಆ ವರ್ಷದ 'ಕೆಲೈಡೋಸ್ಕೋಪ್' 5ನೇ ಸ್ಥಾನಕ್ಕೇರಿತು. ಮರುವರ್ಷ 1981ರ ಜೂನ್‌ನಲ್ಲಿ 'ಜೂಜು' (Juju, ನಮ್ಮ ಜೂಜಾಟವಲ್ಲ) ಬಂತು. ಗೋಥಿಕ್ ರಾಕ್ ಎಂಬುದಕ್ಕೆ ಒಂದೇ ಆಲ್ಬಂ ತೋರಿಸು ಎಂದರೆ ನಾನು ಇದನ್ನೇ ತೋರಿಸುತ್ತೇನೆ. ಮೊದಲ ಹಾಡು 'ಸ್ಪೆಲ್‌ಬೌಂಡ್'. ಒಂಟಿ ಗಿಟಾರಿನ ತಂತಿಗಳು ಬಿಡಿಬಿಡಿಯಾಗಿ ಉದುರುತ್ತವೆ. ಒಂದು ಕ್ಷಣದಲ್ಲಿ ಬಡ್ಜಿಯ ಟಾಮ್‌ಗಳು ಉರುಳಿಕೊಂಡು ಬಂದು ಹಾಡು ಓಟ ಕೀಳುತ್ತದೆ. ಇದರಡಿಯಲ್ಲಿ ಅಕೌಸ್ಟಿಕ್ ಗಿಟಾರ್ ಸರಸರನೆ ಮಿಡಿಯುತ್ತಿರುವುದನ್ನು ಗಮನಿಸಿ. ಕರೆಂಟಿನ ಅಬ್ಬರವೆಂದು ನಾವು ಅಂದುಕೊಳ್ಳುವುದರಲ್ಲಿ ಅರ್ಧ ಪಾಲು ಬರೀ ಮರದ ಪೆಟ್ಟಿಗೆಯ ನಾದ. ಮೆಕ್‌ಗೀಯೊಕ್ ಗಿಟಾರನ್ನು ತನ್ನ ಪ್ರದರ್ಶನಕ್ಕೆ ಬಳಸುವುದಿಲ್ಲ. ಹಾಡಿಗೆ ಹವಾಮಾನ ಕೊಡುತ್ತಾನೆ. 'ನೈಟ್ ಶಿಫ್ಟ್' ಹಾಡಿನಲ್ಲಿ ಅದೇ ಗಿಟಾರ್ ಕೊರೆಯುವ ಚಳಿ. ಯಾರ್ಕ್‌ಷೈರಿನಲ್ಲಿ ವರ್ಷಗಟ್ಟಲೆ ಹೆಂಗಸರನ್ನು ಕೊಂದ ಪೀಟರ್ ಸಟ್‌ಕ್ಲಿಫ್ 1981ರ ಜನವರಿಯಲ್ಲಷ್ಟೇ ಸಿಕ್ಕಿಬಿದ್ದಿದ್ದ, ಆ ಹಾಡಿನ ಹಿಂದೆ ಇರುವುದು ಅವನ ನೆರಳು. ಇಂಗ್ಲೆಂಡಿನ ಹೆಂಗಸರು ರಾತ್ರಿ ಹೊರಗೆ ಹೋಗಲು ನಿಜವಾಗಿಯೂ ಹೆದರಿದ್ದ ಕಾಲ ಅದು. ಅದಕ್ಕೇ 'ಜೂಜು'ವಿನ ಭಯ ಬಣ್ಣ ಬಳಿದುಕೊಂಡ ಭಯ ಅನ್ನಿಸುವುದಿಲ್ಲ.

ಇದೇ ಆಲ್ಬಂನ ಕೆಲಸದ ನಡುವೆ ಸೂಸಿ ಮತ್ತು ಬಡ್ಜಿ ಇಬ್ಬರೇ, ದನಿ ಮತ್ತು ಡ್ರಮ್ಸ್ ಮಾತ್ರ ಇಟ್ಟುಕೊಂಡು ಹಾಡು ಕಟ್ಟಿದರು. 'ದ ಕ್ರೀಚರ್ಸ್' ಎಂಬ ಜೋಡಿ ಹುಟ್ಟಿದ್ದು ಹಾಗೆ. ಗಿಟಾರೂ ಬೇಡ, ಬೇಸೂ ಬೇಡ ಎನ್ನುವ ಧೈರ್ಯ.

1982ರ 'ಎ ಕಿಸ್ ಇನ್ ದ ಡ್ರೀಮ್‌ಹೌಸ್' ಆಲ್ಬಂಗೆ ತಂತಿವಾದ್ಯಗಳು ಬಂದವು, ಬಣ್ಣ ಬಂತು. ಅಷ್ಟರಲ್ಲಿ ಮೆಕ್‌ಗೀಯೊಕ್ ಕುಡಿತ, ಪ್ರವಾಸದ ಒತ್ತಡಗಳಿಂದ ಸೋತಿದ್ದ. ಮ್ಯಾಡ್ರಿಡ್ ಕಛೇರಿಯಲ್ಲಿ ಕುಸಿದ, ಬ್ಯಾಂಡ್ ಅವನನ್ನು ಬಿಟ್ಟಿತು. 2004ರಲ್ಲಿ, 48ರ ವಯಸ್ಸಿನಲ್ಲಿ ತೀರಿಕೊಂಡ. ಬದುಕಿದ್ದಾಗ ಅವನ ಹೆಸರು ಗಿಟಾರ್ ಪತ್ರಿಕೆಗಳ ಮುಖಪುಟಗಳಲ್ಲಿ ಬರಬೇಕಾದಷ್ಟು ಬರಲಿಲ್ಲ ಎನ್ನುವ ಸಂಕಟ ನನಗೆ ಈಗಲೂ ಇದೆ.

ಅದೇ 1982ರ ಜುಲೈನಲ್ಲಿ ಲಂಡನ್ನಿನ ಸೋಹೊದಲ್ಲಿ 'ಬ್ಯಾಟ್‌ಕೇವ್' ಎಂಬ ಕ್ಲಬ್ ಬಾಗಿಲು ತೆರೆಯಿತು. ಗೋಥ್ ಎಂಬ ಗುಂಪು, ವೇಷ, ಪತ್ರಿಕಾ ಲೇಖನ ಎಲ್ಲ ಅಲ್ಲಿ ಒಂದು ರೂಪಕ್ಕೆ ಬಂದವು. ಸೂಸಿಯ ನಕಲುಗಳು ಊರೂರಿನಲ್ಲೂ ಕಾಣಿಸಿಕೊಂಡರು. ಸೂಸಿಯಾದರೋ ಆ ಹೊತ್ತಿಗೆ ಬೇರೆಡೆ ಹೊರಟಾಗಿತ್ತು.

ಬೇರೆಡೆ ಎಂದರೆ ಹೃಷಿಕೇಶದ ಕಡೆಗೂ ಹೌದು. 1968ರಲ್ಲಿ ಬೀಟಲ್ಸ್ ಮಹರ್ಷಿ ಮಹೇಶ ಯೋಗಿಯ ಆಶ್ರಮದಲ್ಲಿದ್ದಾಗ, ಧ್ಯಾನ ಬಿಟ್ಟು ಕೋಣೆಯಿಂದ ಹೊರಗೇ ಬಾರದ ಪ್ರೂಡೆನ್ಸ್ ಫ್ಯಾರೊ ಎಂಬಾಕೆಯನ್ನು ಕರೆಯುತ್ತ ಜಾನ್ ಲೆನನ್ ಬರೆದ ಹಾಡು 'ಡಿಯರ್ ಪ್ರೂಡೆನ್ಸ್'. ಮತ್ತೆ ಗಿಟಾರಿಗೆ ಬಂದಿದ್ದ ರಾಬರ್ಟ್ ಸ್ಮಿತ್ ಜೊತೆ ಬ್ಯಾನ್‌ಶೀಸ್ ಅದನ್ನು 1983ರಲ್ಲಿ ಹಾಡಿದರು. ಅದು 3ನೇ ಸ್ಥಾನ ಮುಟ್ಟಿತು, ಬ್ರಿಟನ್ನಿನಲ್ಲಿ ಅವರ ಅತಿ ದೊಡ್ಡ ಯಶಸ್ಸು. 1984ರಲ್ಲಿ ಸ್ಮಿತ್ ತನ್ನ ತಂಡಕ್ಕೆ ಮರಳಿದ. ಆಮೇಲೆ ಜಾನ್ ಕ್ಯಾರುಥರ್ಸ್, ಅವನ ನಂತರ ಜಾನ್ ಕ್ಲೈನ್. ಗಿಟಾರಿನ ಕುರ್ಚಿ ಮಾತ್ರ ಯಾರಿಗೂ ಶಾಶ್ವತವಾಗಲಿಲ್ಲ. 1985ರಲ್ಲಿ ಸೂಸಿ ವೇದಿಕೆಯಲ್ಲಿ ಮಂಡಿಚಿಪ್ಪು ಜಾರಿಸಿಕೊಂಡು, ಕಾಲಿಗೆ ಪಟ್ಟಿ ಹಾಕಿಸಿಕೊಂಡೇ ಪ್ರವಾಸ ಮುಗಿಸಿದರು. ಪಾಂಪೆ ನಗರ ಬೂದಿಯಲ್ಲಿ ಮುಚ್ಚಿಹೋದ ಕಥೆಯ 'ಸಿಟೀಸ್ ಇನ್ ಡಸ್ಟ್' ಅದೇ ವರ್ಷದ್ದು, ಕುಣಿಸುವ ಹಾಡು.

ಈ ದೀರ್ಘ ಓಟದಲ್ಲಿ ಇನ್ನೊಂದು ಕಡೆ ನಿಲ್ಲಲೇಬೇಕು. 1988ರ 'ಪೀಕ್-ಎ-ಬೂ'. ತಮ್ಮದೇ ಹಳೆಯ ಧ್ವನಿಮುದ್ರಣವೊಂದರ ಹಿತ್ತಾಳೆ ವಾದ್ಯ ಮತ್ತು ಡ್ರಮ್ಸಿನ ಟೇಪನ್ನು ಹಿಂದುಮುಂದಾಗಿ ಓಡಿಸಿದರು, ತುಂಡು ಮಾಡಿ ಸುತ್ತು ಹಾಕಿದರು. ಸದ್ದು ಹುಟ್ಟುವ ಬದಲು ಒಳಕ್ಕೆ ಹೀರಿಕೊಂಡು ಹೋಗುತ್ತದೆ. ಅದರ ಮೇಲೆ ಅಕಾರ್ಡಿಯನ್. ಸೂಸಿ ಒಂದೊಂದು ಸಾಲನ್ನು ಒಂದೊಂದು ಮೈಕಿನಲ್ಲಿ ಹಾಡಿದರು. ಹೀಗಾಗಿ ದನಿ ಒಮ್ಮೆ ಕಿವಿಯ ಬಳಿ, ಒಮ್ಮೆ ಗೋಡೆಯಾಚೆ. ಗಂಡಸರ ಇಣುಕುನೋಟಕ್ಕೆ ಮೈಯೊಡ್ಡಬೇಕಾದ ಹೆಣ್ಣಿನ ಬಗೆಗಿನ ಹಾಡಿಗೆ ಇದಕ್ಕಿಂತ ತಕ್ಕ ಧ್ವನಿಮುದ್ರಣ ಇರಲಾರದು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಆ ಸೆಪ್ಟೆಂಬರಿನಲ್ಲಿ ಹೊಸದಾಗಿ ಶುರು ಮಾಡಿದ ಮಾಡರ್ನ್ ರಾಕ್ ಪಟ್ಟಿಯ ಮೊತ್ತಮೊದಲ ನಂಬರ್ 1 ಇದೇ.

1991ರ 'ಕಿಸ್ ದೆಮ್ ಫಾರ್ ಮಿ' ಹಾಡಿನಲ್ಲಿ ತಬಲಾ ನುಡಿಸಿದವನು ಲಂಡನ್ನಿನಲ್ಲಿ ಹುಟ್ಟಿ ಬೆಳೆದ ತಲ್ವಿನ್ ಸಿಂಗ್. ಆಗ ಇನ್ನೂ ಇಪ್ಪತ್ತರ ಆಸುಪಾಸು. ಆ ಬೇಸಿಗೆ ಅಮೆರಿಕದ ಮೊದಲ ಲೊಲ್ಲಾಪಲೂಜಾ ಸಂಗೀತೋತ್ಸವದ ಪ್ರವಾಸದಲ್ಲೂ ಅವರ ಜೊತೆಗಿದ್ದ. ಹಾಡು ಅಮೆರಿಕದ ಮುಖ್ಯ ಪಟ್ಟಿಯಲ್ಲಿ 23ನೇ ಸ್ಥಾನಕ್ಕೆ ಬಂತು, ಅಲ್ಲಿ ಅವರ ಅತ್ಯುತ್ತಮ ಸಾಧನೆ. ತಬಲಾವನ್ನು ಇಲ್ಲಿ ಊದುಬತ್ತಿಯ ಹೊಗೆಯಂತೆ ಅಲಂಕಾರಕ್ಕೆ ಇಟ್ಟಿಲ್ಲ, ಹಾಡು ನಡೆಯುವುದೇ ಅದರ ಮೇಲೆ. ಡ್ರಮ್ಸನ್ನು ಕಥೆಯ ಮಧ್ಯಕ್ಕೆ ತಂದ ತಂಡ ತಬಲಾದ ಬಳಿ ಬಂದು ನಿಂತದ್ದು ನನಗೆ ಸಹಜವಾಗಿಯೇ ಕಾಣುತ್ತದೆ. ಇದೇ ತಲ್ವಿನ್ ಸಿಂಗ್ 1999ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಪಡೆದ.

1995ರ 'ದ ರ‍್ಯಾಪ್ಚರ್' ಕೊನೆಯ ಆಲ್ಬಂ. 1996ರಲ್ಲಿ ಸೆಕ್ಸ್ ಪಿಸ್ಟಲ್ಸ್ ಹಣಕ್ಕಾಗಿ ಮತ್ತೆ ಒಂದಾಗುತ್ತಿದ್ದ ಹೊತ್ತಿಗೇ ಬ್ಯಾನ್‌ಶೀಸ್ ತಾವು ಬೇರೆಯಾಗುತ್ತಿದ್ದೇವೆಂದು ಪ್ರಕಟಿಸಿದರು. 2002ರಲ್ಲಿ ಒಂದು ಚಿಕ್ಕ ಪುನರ್ಮಿಲನದ ಪ್ರವಾಸ ಆಯಿತು. 1991ರಲ್ಲಿ ಮದುವೆಯಾಗಿದ್ದ ಸೂಸಿ ಮತ್ತು ಬಡ್ಜಿ 2007ರಲ್ಲಿ ವಿಚ್ಛೇದನ ಪಡೆದರು. ಹತ್ತು ವರ್ಷ ವೇದಿಕೆಯಿಂದ ದೂರವಿದ್ದ ಸೂಸಿ 2023ರಲ್ಲಿ ಮತ್ತೆ ಹಾಡಿದರು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: ಇವರ ಸಂಗೀತ ಈಗ ಎಲ್ಲಿ ಉಳಿದಿದೆ? ನಿಮಗೆ ಗೊತ್ತಿಲ್ಲದೆಯೇ ನೀವು ಕೇಳಿರಬಹುದು ಎಂದೆ. ಗಾಯಕ ದ ವೀಕೆಂಡ್‌ನ 2011ರ 'ಹೌಸ್ ಆಫ್ ಬಲೂನ್ಸ್' ನಿಂತಿರುವುದು 'ಹ್ಯಾಪಿ ಹೌಸ್' ತುಣುಕಿನ ಮೇಲೆ. 'ಸ್ಟ್ರೇಂಜರ್ ಥಿಂಗ್ಸ್' ಸರಣಿಯ 2022ರ ಕಂತಿನ ಕೊನೆಯಲ್ಲಿ ಬರುವುದು 'ಸ್ಪೆಲ್‌ಬೌಂಡ್'. ಸ್ಲೋಡೈವ್ ತಂಡಕ್ಕೆ ಹೆಸರು ಸಿಕ್ಕಿದ್ದರಲ್ಲಿ ಇವರ ಅದೇ ಹೆಸರಿನ ಹಾಡಿನ ಪಾಲೂ ಇದೆ.

ಇನ್ನೊಬ್ಬರು ಎಲ್ಲಿಂದ ಶುರು ಮಾಡಲಿ ಎಂದರು. ಕಾಲಾನುಕ್ರಮ ಬೇಡ. 'ಜೂಜು'ವನ್ನು ಇಯರ್‌ಫೋನ್ ಹಾಕಿಕೊಂಡು ಕೇಳಿ, ಮೊದಲ ಸಲ ಡ್ರಮ್ಸ್ ಮಾತ್ರ ಹಿಂಬಾಲಿಸಿ, ಎರಡನೇ ಸಲ ಗಿಟಾರ್. ಇಷ್ಟವಾದರೆ 'ದ ಸ್ಕ್ರೀಮ್' ಕಡೆಗೆ ಹಿಂದೆ ಹೋಗಿ, ಆಮೇಲೆ 'ಪೀಕ್-ಎ-ಬೂ' ಕಡೆಗೆ ಮುಂದೆ. 'ಜಾಯಿನ್ ಹ್ಯಾಂಡ್ಸ್' ಕೊನೆಗೆ ಇಟ್ಟುಕೊಳ್ಳಿ. 100 ಕ್ಲಬ್ಬಿನ ಆ ಪ್ರಾರ್ಥನೆ ಅದರ ಕಡೆಯ ಹಾಡಾಗಿ, ಹದಿನಾಲ್ಕು ನಿಮಿಷದಷ್ಟು ಉದ್ದಕ್ಕೆ, ಅಲ್ಲಿದೆ.